ಗುರಿಗೊಂದು ಗಂಟು

ಹಾಸಿಗೆ ಕಾರ್ಖಾನೆಯ ಸಿಬ್ಬಂದಿ ಅಧಿಕಾರಿಗಳು ಆ ಶನಿವಾರ ಮುಖ ಜೋಲುಹಾಕಿಕೊಂಡು ಮನೆಗೆ ಬಂದರು. ಮಾಲೀಕರು ಚೆನ್ನಾಗಿ ಝಾಡಿಸಿದ್ದರು: "ಕಂಪನಿ ಸ್ಪ್ರಿಂಗ್ ಹಾಸಿಗೆ ಮಾಡೋಕೆ ಹೊರಟಿದೆ, ನೀವಿನ್ನೂ ಹತ್ತಿ ತುಂಬೋರನ್ನೇ ಸೇರಿಸ್ಕೊಳ್ತಿದ್ದೀರಿ! ನಮ್ಮ ಗುರಿಗೂ ನಿಮ್ಮ ಜನಕ್ಕೂ ಗಂಟು ಹಾಕೋದು ಹೇಗೆ ಅಂತ ಸೋಮವಾರ ಬರೆದು ತನ್ನಿ. ಇಲ್ಲಾಂದ್ರೆ ನೀವು ಗಂಟುಮೂಟೆ ಕಟ್ಟಿ!"

ಗ್ರಹಚಾರಕ್ಕೆ ಭಾನುವಾರವೇ ಮನೆ ಬದಲಾಯಿಸುವ ದಿನ. ಹನ್ನೆರಡಕ್ಕೆ ಹಳೆಯ ಮನೆ ಖಾಲಿ ಮಾಡಿ ಬೀಗದ ಕೈ ಕೊಡಬೇಕು. ಬೆಳಿಗ್ಗೆ ಏಳಕ್ಕೇ ಕಾಗದ ಹಿಡಿದು ಕುಳಿತ ಗಂಡನನ್ನು ಕಂಡು ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನ್ರೀ ಅದು?"

"ಗುರಿಗೂ ಜನಕ್ಕೂ ಗಂಟು ಹಾಕ್ತಿದ್ದೀನಿ ಕಣೇ."

"ಮೊದ್ಲು ಈ ಹಾಸಿಗೆಗೆ ಗಂಟು ಹಾಕಿ."

ಆಗ ಅಧಿಕಾರಿಗಳಿಗೆ ಮಹಾಜ್ಞಾನೋದಯವಾಯಿತು. ಮನೆಯಲ್ಲೇ ಪ್ರಯೋಗ ಮಾಡಿ ನೋಡಿದರೆ? ನೆರವಿಗೆ ಬಂದಿದ್ದ ಅತ್ತೆಯನ್ನೂ ಭಾವಮೈದನನ್ನೂ ಕರೆದು ಸಂದರ್ಶನ ಶುರುಮಾಡಿದರು. (ಕುರ್ಚಿಗಳನ್ನು ಆಗಲೇ ಕಟ್ಟಿಟ್ಟಿದ್ದರಿಂದ ಮೂವರೂ ಟ್ರಂಕುಗಳ ಮೇಲೆ.)

"ನಿನ್ನ ಬಲ ಏನಪ್ಪಾ?"

"ಊಟ, ಭಾವ."

"ಅತ್ತೇ, ನಿಮ್ಮ ಬಲ?"

"ಬಾಯಿ. ಯಾಕೆ, ಅನುಮಾನಾನಾ?"

ಇಬ್ಬರೂ ಅನರ್ಹರೆಂದು ಬರೆದುಕೊಂಡು ಅಧಿಕಾರಿಗಳು ಗುರಿಗೂ ಜನಕ್ಕೂ ಗಂಟು ಹಾಕುವ ನಕ್ಷೆ ಬಿಡಿಸತೊಡಗಿದರು. ಅದಕ್ಕೆ ಬಣ್ಣ ಹಚ್ಚಿ ತಲೆಯೆತ್ತಿದಾಗ ಹನ್ನೊಂದು ಗಂಟೆ, ಮನೆ ಬಟ್ಟಬರಿದು! ಹೆಂಡತಿ ತನ್ನ ತಾಯಿಯನ್ನು ಲಾರಿಯ ಪಕ್ಕ ನಿಲ್ಲಿಸಿದ್ದಳು; ಆ ಬಾಯಿಗೆ ಹೆದರಿ ಹಮಾಲರು ಓಡೋಡಿ ಸಾಮಾನು ಹೊತ್ತಿದ್ದರು. ಊಟದ ಡಬ್ಬಿಯನ್ನು ಅವಳು ಮೊದಲೇ ಹೊಸ ಮನೆಗೆ ಕಳಿಸಿದ್ದಾಳೆಂದು ತಿಳಿದ ಭಾವಮೈದ ಬೀರುವನ್ನು ಒಬ್ಬನೇ ಎತ್ತಿದ್ದ.

"ಇದನ್ನೆಲ್ಲ ಎಲ್ಲಿ ಕಲಿತೆ?"

"ಕಲಿಯೋದೇನ್ರೀ? ಏನಾಗ್ಬೇಕು ಅಂತ ನೋಡ್ದೆ, ಯಾರ ಕೈಲಿ ಏನಾಗುತ್ತೆ ಅಂತ ನೋಡ್ದೆ. ಏಳಿ, ನೀವು ಕೂತಿರೋ ಟ್ರಂಕೊಂದೇ ಬಾಕಿ."

ಹೆಂಡತಿಯ ಆ ಮಾತನ್ನೇ ಅಧಿಕಾರಿಗಳು ನಾಲ್ಕು ಪುಟಕ್ಕೆ ಹಿಗ್ಗಿಸಿ ಸೋಮವಾರ ಒಪ್ಪಿಸಿದರು. ಮಾಲೀಕರು ಎದ್ದು ಕೈಕುಲುಕಿದರು. "ಭೇಷ್! ಯಾರ ತಲೆ ಇದು?"

ಆನಂದದ ಭರದಲ್ಲಿ ಬಾಯಿ ಜಾರಿತು: "ನಮ್ಮನೆಯವಳದು ಸಾರ್."

ಮರುದಿನವೇ ಹೆಂಡತಿಗೆ ಬುಲಾವ್. ಅವಳು ಇಡೀ ಕಾರ್ಖಾನೆ ಸುತ್ತಿದಳು. ಬೆರಳು ಚುರುಕಿದ್ದವರನ್ನು ಸ್ಪ್ರಿಂಗ್ ಹೆಣೆಯುವುದಕ್ಕೆ, ಮಾತು ಚುರುಕಿದ್ದವರನ್ನು ಮಾರಾಟಕ್ಕೆ ಎಂದು ಒಬ್ಬೊಬ್ಬರನ್ನೇ ತೋರಿಸುತ್ತ ಬಂದಳು. ಮಾಲೀಕರು ತಲೆದೂಗಿದ್ದೇ ತಲೆದೂಗಿದ್ದು. ಹೆಮ್ಮೆಯಿಂದ ಹಿಂದೆಯೇ ನಡೆಯುತ್ತಿದ್ದ ಅಧಿಕಾರಿಗಳತ್ತ ಅವರು ಥಟ್ಟನೆ ತಿರುಗಿದರು.

"ಇವರನ್ನ ಎಲ್ಲಿ ಹಾಕೋಣಮ್ಮಾ?"

ಹೆಂಡತಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು.

"ಬಲು ಒಳ್ಳೆಯವರು ಸಾರ್. ಹೇಳಿದ್ದನ್ನ ಚಾಚೂ ತಪ್ಪದೆ ಮಾಡ್ತಾರೆ. ಹೇಳೋ ಕೆಲಸ ಮಾತ್ರ ಕೊಡಬೇಡಿ."