ಇದ್ದದ್ದನ್ನು ಇದ್ದ ಹಾಗೆ ತೆಗೆಯುವ ಕ್ಯಾಮೆರಾ

ಫೋಟೋ ತೆಗೆಯುವ ಹುಚ್ಚಿರುವವರೆಲ್ಲ ಕಲಾವಿದರು ಅಂತ ನೀವು ತಿಳಿದಿದ್ದರೆ ಅದು ನಿಮ್ಮ ದೊಡ್ಡ ಮನಸ್ಸು. ಕೆಲವರು ಕ್ಯಾಮೆರಾದ ಹಿಂದೆ ನಿಲ್ಲುವುದು ಅದರ ಮುಂದೆ ನಿಲ್ಲುವುದನ್ನು ತಪ್ಪಿಸಿಕೊಳ್ಳಲಿಕ್ಕೆ. ನಾನು ಆ ಪೈಕಿ. ಹತ್ತು ವರ್ಷದ ಹಿಂದೆ ನಮ್ಮ ಹಾಸನದ ಕಾಲೇಜಿನಲ್ಲಿ ನನ್ನ ಜೊತೆ ಗುಮಾಸ್ತನಾಗಿರುವ ಗೆಳೆಯನ ಮದುವೆ ಹೊಳೆನರಸೀಪುರದಲ್ಲಿ ಆದಾಗ ನನ್ನ ತಲೆಯ ಮೇಲೆ ದಟ್ಟವಾದ ಗುಂಗುರು ಕೂದಲಿತ್ತು. ಧಾರೆಯಿಂದ ಹಿಡಿದು ಊಟದ ಪಂಕ್ತಿಯವರೆಗೆ ಆ ಮದುವೆಯ ಒಂದು ಫೋಟೋವನ್ನೂ ನಾನು ಬಿಡಲಿಲ್ಲ, ಎಲ್ಲದರಲ್ಲೂ ತೂರಿಕೊಂಡು ನಿಂತೆ. ಆಮೇಲೆ ಎರಡೇ ವರ್ಷದಲ್ಲಿ ಕೂದಲು ಹೇಳದೆ ಕೇಳದೆ ಹೊರಟುಹೋಯಿತು. ಅಂದಿನಿಂದ ಯಾರಾದರೂ "ಬನ್ನಿ, ಎಲ್ಲಾ ಒಟ್ಟಿಗೆ ಒಂದು ಫೋಟೋ" ಅಂದರೆ ಸಾಕು, "ಕೊಡಿ ಇಲ್ಲಿ, ನಾನು ತೆಗೀತೀನಿ" ಅಂತ ನುಗ್ಗುತ್ತೇನೆ. ಜನ ಇದನ್ನು ಸೌಜನ್ಯ ಅಂದುಕೊಂಡಿದ್ದಾರೆ. ನನ್ನ ಹೆಂಡತಿ ಸರೋಜಾ ಮಾತ್ರ ಹಾಗೆ ಅಂದುಕೊಂಡಿಲ್ಲ.

ಇಂಥವನ ಪಾಲಿಗೆ ಅಣ್ಣನ ಮಗಳ ಫೋಟೋ ತೆಗೆಯುವ ಕೆಲಸ ಬಂತು. ಅಣ್ಣ ಬಾಗೂರಿನಲ್ಲಿ ಬೇಸಾಯ ಮಾಡಿಕೊಂಡಿದ್ದಾನೆ. ಮಗಳು ಭವ್ಯ ಚನ್ನರಾಯಪಟ್ಟಣದ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸದಲ್ಲಿದ್ದಾಳೆ. ಬಣ್ಣ ಎಣ್ಣೆಗೆಂಪು, ಮುಖ ಲಕ್ಷಣವಾಗಿದೆ, ಮಾತು ನೇರ. ಹೋದ ವರ್ಷ ಒಂದು ಸಂಬಂಧಕ್ಕೆ ಮೊಬೈಲಿನಲ್ಲಿ ತೆಗೆದ ಫೋಟೋ ಕಳಿಸಿದ್ದೆವು. ಆ ಮೊಬೈಲು ಯಾರೂ ಕೇಳದಿದ್ದರೂ ಅವಳನ್ನು ಸುಣ್ಣ ಬಳಿದ ಹಾಗೆ ಬೆಳ್ಳಗೆ ಮಾಡಿತ್ತು. ನೋಡಲು ಬಂದ ಹುಡುಗನ ಅತ್ತೆ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಎಲ್ಲರೆದುರು ಕೇಳಿದಳು: "ಫೋಟೋದಾಗಿರೋಳು ಇವಳ ಅಕ್ಕನಾ? ಅವಳನ್ನ ಕರೀರಿ." ಆ ದಿನ ಭವ್ಯ ಅಳಲಿಲ್ಲ, ಊಟವನ್ನೂ ಮಾಡಲಿಲ್ಲ. ಈ ವರ್ಷ ನನ್ನ ಗುಮಾಸ್ತ ಗೆಳೆಯನೇ ತನ್ನ ಹೆಂಡತಿಯ ತವರಿನ ಕಡೆಯ ಒಂದು ಸಂಬಂಧ ಹೇಳಿದ. ಅರಕಲಗೂಡಿನ ಹುಡುಗ, ದನದ ಡಾಕ್ಟರು. ಅವನು ಎಮ್ಮೆಗರುವನ್ನು ತಬ್ಬಿಕೊಂಡು ನಿಂತ ಫೋಟೋವನ್ನು ಭವ್ಯ ಬಹಳ ಹೊತ್ತು ನೋಡಿ, "ಕರೂನ ಚೆನ್ನಾಗಿ ಹಿಡ್ಕಂಡವ್ರೆ" ಅಂದಳು. ಅವಳ ಬಾಯಲ್ಲಿ ಅದು ಒಪ್ಪಿಗೆ. ಆಮೇಲೆ ನನ್ನ ಕಡೆ ತಿರುಗಿದಳು. "ಚಿಕ್ಕಪ್ಪ, ನಾನಿರೋದು ಇಂಗೆ. ಇಂಗೇ ಇರೋ ಫೋಟೋ ಕಳ್ಸಿ. ಬ್ಯಾಡ ಅನ್ನೋರು ಅಲ್ಲೇ ಕೂತು ಅನ್ಲಿ, ಮನೆಗೆ ಬಂದು ಉಪ್ಪಿಟ್ಟು ತಿಂದು ಅನ್ನೋದು ಬ್ಯಾಡ. ಇನ್ನೊಂದು ಸಲ ಅಂಗಾದ್ರೆ ನಾನು ಯಾರ ಮುಂದೂ ಕೂರಾಕಿಲ್ಲ."

ಹುಡುಗನ ದೊಡ್ಡಪ್ಪನೂ ಅದನ್ನೇ ಕೇಳಿದ್ದರು, ಮೊಬೈಲಿನ ಫೋಟೋ ಬೇಡ, ಕ್ಯಾಮೆರಾದಲ್ಲಿ ತೆಗೆದದ್ದನ್ನು ಕೈಗೆ ಸಿಗುವ ಹಾಗೆ ಕಳಿಸಿ ಅಂತ. ಸ್ಟುಡಿಯೋಗೆ ಹೋಗೋಣವೆಂದರೆ ಅವರೂ ಕಂಪ್ಯೂಟರಿನಲ್ಲಿ ಮುಖ ತೊಳೆದೇ ಕೊಡುವವರು. "ನನಗೆ ಬಿಡಿ, ನನಗೊತ್ತು" ಅಂದೆ. ಜೇಬಿನಲ್ಲಿ ಹಿಡಿಯುವ ಒಂದು ಪುಟ್ಟ ಡಿಜಿಟಲ್ ಕ್ಯಾಮೆರಾ ಕೊಳ್ಳಬೇಕು, ಆಮೇಲೂ ದಿನಾ ಮನೆಯಲ್ಲಿ ಉಪಯೋಗಕ್ಕೆ ಬರುತ್ತದೆ ಅನ್ನುವ ನನ್ನ ಹಳೆಯ ಆಸೆಗೂ ಒಂದು ನೆಪ ಸಿಕ್ಕಿತು. ಹದಿನೈದು ದಿನ ಓದಿದ್ದೇ ಓದಿದ್ದು. ಮೆಗಾಪಿಕ್ಸೆಲ್ ಹೆಚ್ಚಿದ್ದರೆ ಸಾಲದು, ಸೆನ್ಸರ್ ದೊಡ್ಡದಿರಬೇಕು. ಡಿಜಿಟಲ್ ಜೂಮನ್ನು ನಂಬಬಾರದು, ಆಪ್ಟಿಕಲ್ ಜೂಮನ್ನು ನಂಬಬೇಕು. ಸೀರೆ ಅಂಗಡಿಯಲ್ಲಿ ಸರೋಜಾ ಸೆರಗು ಬಿಡಿಸಿ ಬಿಡಿಸಿ ನೋಡುವಾಗ ಹಲ್ಲು ಕಡಿಯುತ್ತಿದ್ದ ನಾನು ಅವಳನ್ನೂ ಮೀರಿಸಿದೆ. ಅಷ್ಟರಲ್ಲಿ ಅರಕಲಗೂಡಿನಿಂದ "ಫೋಟೋ ಎಲ್ರೀ?" ಅಂತ ಎರಡು ಸಲ ಫೋನು ಬಂದಿತ್ತು. ಹಾಸನದ ಅಂಗಡಿಗಳಲ್ಲಿ ಇದ್ದದ್ದು ಚೊಂಬಿನಷ್ಟು ದಪ್ಪ ಲೆನ್ಸಿನ ಮದುವೆ ಕ್ಯಾಮೆರಾಗಳು, ಇಲ್ಲವೇ ಮಕ್ಕಳ ಆಟಿಕೆಗಳು. "ಪುಟಾಣಿ ಕ್ಯಾಮೆರಾನಾ? ಯಾವ ಕಾಲದಲ್ಲಿದ್ದೀರಾ ಸಾ" ಅಂತ ಒಬ್ಬ ಕೇಳಿದ. ಒಂದೇ ಒಂದು ಕಡೆ ಒಳ್ಳೆಯದು ಸಿಕ್ಕಿತು. ಅದರ ಬೆಲೆ ಕೇಳಿ ಸರೋಜಾ, "ಅದು ಅಡುಗೇನೂ ಮಾಡುತ್ತಾ?" ಅಂದಳು.

ಕೊನೆಗೆ ಚನ್ನರಾಯಪಟ್ಟಣದ ಸ್ಟುಡಿಯೋ ಒಂದರ ಗಾಜಿನ ಪೆಟ್ಟಿಗೆಯಲ್ಲಿ ಯಾರೋ ಬಳಸಿ ಬಿಟ್ಟ ಬೆಳ್ಳಿ ಬಣ್ಣದ ಕ್ಯಾಮೆರಾ ಕಂಡಿತು. ಅಂಗಿ ಜೇಬಿಗೆ ಹಿಡಿಯುತ್ತಿತ್ತು, ನನ್ನ ಜೇಬಿಗೂ ಹಿಡಿಯುತ್ತಿತ್ತು. "ಇದ್ಕೆ ಮುಖ ಬೆಳ್ಳಗೆ ಮಾಡೋ ಇದ್ಯೆ ಗೊತ್ತಿಲ್ಲ ಸಾ. ಇದ್ದುದ್ನ ಇದ್ದಂಗೆ ತೆಗೀತದೆ" ಅಂದ ಸ್ಟುಡಿಯೋದವನು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅಂತ ಒಂದು ಗಾದೆಯಿದೆ. ಅದು ನನಗೆ ಆಗ ನೆನಪಾಗಬೇಕಿತ್ತು.

ಭಾನುವಾರ ಬಾಗೂರಿಗೆ ಹೋಗಿ ಭವ್ಯಳನ್ನು ನಡುಮನೆಯ ಬೀರುವಿನ ಮುಂದೆ ನಿಲ್ಲಿಸಿದೆ, ಬೆಳಕು ಚೆನ್ನಾಗಿದ್ದದ್ದು ಅಲ್ಲೇ. ಫೋಟೋ ಅದ್ಭುತವಾಗಿ ಬಂತು. ಅವಳ ಬಣ್ಣ ಅವಳದೇ, ನಗು ಅವಳದೇ. ಆದರೆ ಎಡಗಡೆ ಬೀರುವಿನ ಕನ್ನಡಿಯಲ್ಲಿ, ಪರದೆ ನೋಡಲು ಕ್ಯಾಮೆರಾವನ್ನು ಮುಂದಕ್ಕೆ ಚಾಚಿ ಹಿಡಿದುಕೊಂಡು, ಮಿರಮಿರ ಮಿಂಚುವ ತಲೆಯೊಂದಿಗೆ ನಾನೂ ಇದ್ದೆ. ಮತ್ತೊಂದು ತೆಗೆಯೋಣ ಅಂದರೆ ಭವ್ಯ ಒಪ್ಪಲಿಲ್ಲ. "ಇದ್ರಾಗೆ ನಾನು ನಾನಿದ್ದಂಗೇ ಇವ್ನಿ. ಇದೇ ಇರ್ಲಿ ಚಿಕ್ಕಪ್ಪ." ಸ್ಟುಡಿಯೋದವನಿಗೆ ನನ್ನನ್ನು ಕತ್ತರಿಸು ಅಂದೆ, "ಉಡುಗಿ ಕೈ ಓಯ್ತದೆ ಸಾ" ಅಂದ. ಪ್ರಿಂಟು ಹಾಕಿಸಿ ಅರಕಲಗೂಡಿಗೆ ಕಳಿಸಿದೆ. ಬಲಮೂಲೆಯಲ್ಲಿ ಕಿತ್ತಳೆ ಬಣ್ಣದ ಏನೋ ಅಂಕಿಗಳಿದ್ದವು. ನನ್ನ ಕಣ್ಣು ಎಡಮೂಲೆಯ ಬೋಳುತಲೆಯನ್ನು ಬಿಟ್ಟು ಆ ಕಡೆ ಹೋಗಲೇ ಇಲ್ಲ.

ಮೂರನೇ ದಿನ ಆಫೀಸಿನಲ್ಲಿದ್ದಾಗ ಹುಡುಗನ ದೊಡ್ಡಪ್ಪನ ಫೋನು ಬಂತು. "ಮಂಜಣ್ಣೋರೆ, ಉಡುಗಿ ಲಕ್ಷಣವಾಗವ್ಳೆ. ಆದ್ರೆ ಮೂಲೇಲಿ ಎರಡು ಸಾವ್ರದ ಎಂಟನೇ ಇಸವಿ ಅಂತ ಬಿದ್ದೈತೆ. ಆಗ್ಲೇ ಸೀರೆ ಉಟ್ಟು ನಿಂತೋಳಿಗೆ ಈಗ ಎಷ್ಟು ವರ್ಸ?" ಸ್ಟುಡಿಯೋದವನಿಗೆ ಫೋನು ಮಾಡಿದಾಗಲೇ ಗೊತ್ತಾದದ್ದು, ಹಳೆಯ ಕ್ಯಾಮೆರಾದೊಳಗಿನ ಗಡಿಯಾರ ಕೆಟ್ಟರೆ ಆರಿಸಿ ಹಾಕಿದಾಗಲೆಲ್ಲ ಅದು ತಾನು ಹುಟ್ಟಿದ ಇಸವಿಗೇ ವಾಪಸು ಹೋಗಿ ಕೂರುತ್ತದಂತೆ. ದೊಡ್ಡಪ್ಪನಿಗೆ ಮತ್ತೆ ಫೋನು ಮಾಡಿ ಅದನ್ನು ಹೇಳಿದೆ. ಹುಡುಗಿಯ ಹತ್ತನೇ ಕ್ಲಾಸಿನ ಅಂಕಪಟ್ಟಿ ಕಳಿಸುತ್ತೇನೆ ಅಂದೆ. "ಕಾಗದ ಯಾರು ಬೇಕಾದ್ರೂ ಮಾಡಿಸ್ತಾರೆ ಕಣ್ರೀ. ಒಂದು ಕಡೆ ಮೋಸ ಓಗಿದ್ದೀವಿ. ಭಾನುವಾರ ಆ ಕ್ಯಾಮೆರಾ ತಂದು ಎಲ್ಲಾರ ಮುಂದೆ ತೋರ್ಸಿ. ಇಲ್ದಿದ್ರೆ ಇಲ್ಲಿಗೆ ಬುಟ್ಬುಡಿ" ಅಂದರು. ಅಣ್ಣ ಬೈದ: "ಯಾವಾಗ್ಲೂ ನಂಗೊತ್ತು ನಂಗೊತ್ತು ಅಂತೀಯಲ್ಲ, ನೋಡ್ಲಾ ಏನು ಮಾಡ್ಬುಟ್ಟೆ." ಅವನ ಬೈಗುಳ ನನಗೆ ತಾಕಲಿಲ್ಲ. ಭವ್ಯ ಫೋನಿನಲ್ಲಿ ಮೆಲ್ಲಗೆ, "ಮೊದ್ಲು ಬಣ್ಣ ಸುಳ್ಳು ಅಂದ್ರು. ಈಗ ವಯಸ್ಸು ಸುಳ್ಳು ಅಂತಾವ್ರೆ ಚಿಕ್ಕಪ್ಪ" ಅಂದಳು. ಎದೆಗೆ ಒದ್ದದ್ದು ಆ ಮಾತು.

ಭಾನುವಾರ ತಲೆಗೆ ಟೋಪಿ ಹಾಕಿಕೊಂಡು ಅಣ್ಣನ ಜೊತೆ ಅರಕಲಗೂಡಿಗೆ ಹೋದೆ. ಹಜಾರದಲ್ಲಿ ದೊಡ್ಡಪ್ಪ, ಹುಡುಗ, ಮೂಲೆಯ ಮಂಚದ ಮೇಲೆ ಹುಡುಗನ ಅಜ್ಜಿ. ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು ಗುಂಡಿ ಒತ್ತಿದೆ. ಲೆನ್ಸು ಆಮೆ ಕತ್ತು ಚಾಚಿದ ಹಾಗೆ ಅರ್ಧ ಹೊರಗೆ ಬಂದು, ಗರ್ರ್ ಅಂತ ಸದ್ದು ಮಾಡಿ ನಿಂತುಬಿಟ್ಟಿತು. ಪರದೆ ಕಪ್ಪಾಯಿತು. ಮತ್ತೆ ಒತ್ತಿದೆ. ಒರೆಸಿ ಒತ್ತಿದೆ. ಮನಸ್ಸಿನಲ್ಲೇ ಹರಕೆ ಹೊತ್ತು ಒತ್ತಿದೆ. ಬೆವರು ಟೋಪಿಯೊಳಗಿಂದ ಕಿವಿಗೆ ಇಳಿಯಿತು. ದೊಡ್ಡಪ್ಪ ಎದ್ದು ಪಂಚೆ ಸರಿಮಾಡಿಕೊಂಡು, "ಸರಿ ಬುಡಿ, ಕಾಪಿ ಕುಡ್ದು ಒರಡಿ" ಅಂದರು. ಹುಡುಗ ಮಾತ್ರ ಕೈಯಲ್ಲಿದ್ದ ಭವ್ಯಳ ಫೋಟೋದಿಂದ ಕಣ್ಣು ತೆಗೆದಿರಲಿಲ್ಲ.

"ತತ್ತಾ ಇಲ್ಲಿ ಅದ್ನ" ಅಂದರು ಅಜ್ಜಿ. ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದು, "ಕನ್ನಡೀಲಿ ಯಾರ್ಲಾ ಈ ಬೋಳುತಲೆಯೋನು?" ಅಂತ ಕೇಳಿದರು. ನಾನೇ ಅಂತ ಹೇಳಬೇಕಾಯಿತು. "ಟೋಪಿ ತೆಗಿಯಪ್ಪ. ಈ ಕಡೆ ಬೆಳಕಿಗೆ ಬಾ." ಕೂದಲು ಹೋದಮೇಲೆ ನನ್ನ ತಲೆಯನ್ನು ಅಷ್ಟು ಹೊತ್ತು ಯಾರೂ ನೋಡಿರಲಿಲ್ಲ. "ನಮ್ಮ ಸುಮನ ಮದ್ವೇಲಿ, ಒಳೆನರಸೀಪುರದಾಗೆ, ಫೋಟೋ ಫೋಟೋಗೂ ನುಗ್ಗುತಿದ್ದ ಗುಂಗುರುತಲೆಯೋನು ನೀನೇ ಅಲ್ವಾ?" ಸುಮ ಅಂದರೆ ನನ್ನ ಗುಮಾಸ್ತ ಗೆಳೆಯನ ಹೆಂಡತಿ, ಈ ದೊಡ್ಡಪ್ಪನ ಮಗಳು. ಆಲ್ಬಮ್ ಬಂತು. ಪುಟಪುಟದಲ್ಲೂ ನಾನಿದ್ದೆ. ಅಜ್ಜಿ ಆಲ್ಬಮ್ಮಿನ ತಲೆಯ ಮೇಲೊಂದು ಬೆರಳು, ಕನ್ನಡಿಯ ತಲೆಯ ಮೇಲೊಂದು ಬೆರಳು ಇಟ್ಟರು. "ಸುಮನ ಮದ್ವೆ ಆಗಿ ಅತ್ತು ವರ್ಸ. ಆಗ ಇವನ ತಲೆ ಮ್ಯಾಲೆ ಕಾಡಿತ್ತು. ಇಲ್ಲಿ ಬಯಲಾಗೈತೆ. ಓದ ಕೂದ್ಲು ವಾಪಸ್ ಬತ್ತದೇನ್ಲಾ? ಅಂದ್ಮ್ಯಾಲೆ ಈ ಫೋಟೋ ಆಮ್ಯಾಗಿಂದೇ ಕಣ, ಎಂಟನೇ ಇಸವೀದಲ್ಲ." ದೊಡ್ಡಪ್ಪ ಸುಲಭಕ್ಕೆ ಬಿಡುವವರಲ್ಲ. "ಮದ್ವೇಲಿ ಇದ್ದಿದ್ದು ಕಟ್ಟುಗೂದ್ಲಾಗಿದ್ರೆ?" ಅಂದರು. ಬೆಳಗಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದ ಅಣ್ಣ ಎದ್ದು ನಿಂತ. "ದೇವ್ರಾಣೆ ಅಸಲಿ ಕೂದ್ಲು ಸ್ವಾಮಿ. ಕನ್ನಡಿ ಮುಂದೆ ಒಂದೊಂದು ಗಂಟೆ ಬಾಚ್ತಿದ್ದ, ನಾನು ಕಂಡಿವ್ನಿ." ಹುಡುಗ ನಕ್ಕುಬಿಟ್ಟ. ದೊಡ್ಡಪ್ಪ ಕೂತುಕೊಂಡರು.

ಮುಂದಿನ ವಾರ ಅವರು ಬಾಗೂರಿಗೆ ಬಂದರು. ಅಜ್ಜಿ ಫೋಟೋ ನೋಡಿದರು, ಭವ್ಯಳನ್ನು ನೋಡಿದರು, ಮತ್ತೆ ಫೋಟೋ ನೋಡಿದರು. "ಫೋಟೋದಾಗಿರಂಗೇ ಅವ್ಳೆ" ಅಂದರು. ಭವ್ಯ ನೀರು ತರುವ ನೆಪದಲ್ಲಿ ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು. ನಾನು ನೆಪವಿಲ್ಲದೆ ಅಲ್ಲೇ ಒರೆಸಿಕೊಂಡೆ.

ಕ್ಯಾಮೆರಾದಲ್ಲಿ ಒಂದು ಕಾಳು ಮರಳು ಸಿಕ್ಕಿಕೊಂಡಿತ್ತಂತೆ, ಸ್ಟುಡಿಯೋದವನು ಊದಿ ಸರಿಮಾಡಿದ. ಗಡಿಯಾರವನ್ನು ಸರಿಮಾಡಲು ಅವನಿಂದಲೂ ಆಗಲಿಲ್ಲ. ನಿಶ್ಚಿತಾರ್ಥದ ದಿನ ಅಭ್ಯಾಸಬಲದಿಂದ "ನಾನು ತೆಗೀತೀನಿ" ಅಂತ ಮುಂದೆ ಹೋದವನ ಕೈಯಿಂದ ಭವ್ಯ ಕ್ಯಾಮೆರಾ ಕಿತ್ತುಕೊಂಡು, "ಇವತ್ತು ನೀವು ಮುಂದೆ ನಿಲ್ಲಿ ಚಿಕ್ಕಪ್ಪ. ಟೋಪಿ ತೆಗೀರಿ" ಅಂದಳು. ಆ ಫೋಟೋಗೆ ಅವಳೇ ಚೌಕಟ್ಟು ಹಾಕಿಸಿ ತಂದು ನಮ್ಮ ಮನೆಯ ಹಜಾರದಲ್ಲಿ ತೂಗುಹಾಕಿದ್ದಾಳೆ. ಬಂದವರು ಹತ್ತಿರ ಹೋಗಿ ನನ್ನನ್ನು ನೋಡುತ್ತಾರೆ, ಆಮೇಲೆ ಮೂಲೆಯ ಕಿತ್ತಳೆ ಅಂಕಿ ಓದುತ್ತಾರೆ, ಆಮೇಲೆ ಸರೋಜಾಳ ಕಡೆ ತಿರುಗಿ ಮರುಕದಿಂದ ಕೇಳುತ್ತಾರೆ: "ಪಾಪ, ಅಷ್ಟು ಎಳೇ ವಯಸ್ಸಿಗೇ ತಲೆ ಹಿಂಗಾಗಿತ್ತಾ?"