ಬ್ರೇಕಿನೊಳಗಿನ ಗಾಳಿ

ಭಾನುವಾರ ಬೆಳಿಗ್ಗೆ ಚಿಕ್ಕೋಡಿಯ ಪತ್ತಿನ ಸಂಘದ ಗುಮಾಸ್ತ ಸನ್ಮತಿ ತನ್ನ ಹಳೆಯ ಕಾರು ತೊಳೆದು, ಒಳಗೆ ಕೂತು, ಬ್ರೇಕ್ ತುಳಿದ. ನಾದಿದ ಹಿಟ್ಟಿನಲ್ಲಿ ಕಾಲಿಟ್ಟಂತೆ ಪೆಡಲ್ ಮೆತ್ತಗೆ ಕೆಳಗೆ ಹೋಯಿತು. ಮತ್ತೆ ತುಳಿದ. ಮತ್ತೆ ಹೋಯಿತು.

ಸಂಜೆ ಹೊತ್ತು ಮುಳುಗುವುದರೊಳಗೆ ನಿಪ್ಪಾಣಿಯಲ್ಲಿ ಮಾವ ಉತ್ತಮ ಅವರ ಮನೆಗೆ ಊಟಕ್ಕೆ ಹೋಗಬೇಕಿತ್ತು. ಮಾವ ಅಂಥಿಂಥ ಜೈನರಲ್ಲ. ಹೊತ್ತು ಮುಳುಗಿತೆಂದರೆ ಒಂದು ಗುಟುಕು ನೀರೂ ಮುಟ್ಟುವವರಲ್ಲ. ಹೋದ ದೀಪಾವಳಿಗೆ ಇದೇ ಕಾರು ದಾರಿಯಲ್ಲಿ ಕೆಟ್ಟು ನಿಂತು, ಅಳಿಯನಿಗಾಗಿ ಕಾದು ಕಾದು ಅವರು ಉಪವಾಸ ಮಲಗಿದ್ದರು. ಮಲಗಿ ಸುಮ್ಮನಿದ್ದರೆ ಆಗುತ್ತಿತ್ತು. ಬೆಳಿಗ್ಗೆ ಎದ್ದವರೇ ಕಾಗವಾಡದಿಂದ ರಾಯಬಾಗದವರೆಗಿನ ಬೀಗರಿಗೆಲ್ಲ ಫೋನು ಹಚ್ಚಿ, "ಅಳಿಯಾ ನನಗ ಉಪಾಸ ಕೆಡವಿದಾ" ಎಂದು ಸಾರಿದ್ದರು. ಆ ಕಳಂಕ ಇವತ್ತು ತೊಳೆದೇ ತೀರಬೇಕೆಂದು ಸನ್ಮತಿ ಹಟ ತೊಟ್ಟಿದ್ದ.

"ಬಸ್ಸಿಗೆ ಹೋಗೂಣ ನಡೀರಿ," ಎಂದಳು ಹೆಂಡತಿ ತ್ರಿಶಲಾ.

"ಕಾರ್ ತಗೊಂಡ ಬರ್ತೀನಂತ ಹೇಳೀನಿ. ಬಸ್ಸಿನಾಗ ಇಳದ್ರ ನಿಮ್ಮ ಅಪ್ಪಾರು ಮತ್ತ ಫೋನ್ ಹಿಡ್ಕೊಂಡ ಕುಂದರ್ತಾರ!"

ಮೇಸ್ತ್ರಿ ಮಾಳೇಶನಿಗೆ ಫೋನು ಹೋಯಿತು. ಅವನು ಅಥಣಿಯಲ್ಲಿ ಮದುವೆಯ ಪಂಕ್ತಿಯಲ್ಲಿದ್ದ. "ಪೈಪಿನಾಗ ಗಾಳಿ ಹೊಕ್ಕೈತ್ರಿ. ಒಬ್ಬರು ಪೆಡಲ್ ಒತ್ತಿ ಹಿಡೀಬೇಕು, ಒಬ್ಬರು ಗಾಲಿ ಹಂತ್ಯಾಕಿನ ನಟ್ ಸಡ್ಲ ಮಾಡಬೇಕು. ಬ್ರೇಕಿನ ಎಣ್ಣಿ ಜೋಡಿ ಗಾಳಿ ಬುಳುಬುಳು ಬರ್ತೈತಿ. ನಟ್ ಬಿಗಿ ಮಾಡಿದ ಮ್ಯಾಲೇ ಕಾಲ ತಗೀಬೇಕು. ಮೊದಲ ತಗದ್ರ ಹೋದ ಗಾಳಿ ತಿರುಗಿ ಒಳಗ ಬರ್ತೈತ್ರಿ," ಎಂದು ಹೇಳಿ ಹೋಳಿಗೆಗೆ ಮರಳಿದ.

ಇಷ್ಟೇ ತಾನೇ! ಸನ್ಮತಿ ನಟ್ ತಿರುವುವ ಪಾನಾ ಹಿಡಿದು ಹಿಂದಿನ ಗಾಲಿಯ ಬಳಿ ಅಂಗಾತ ಮಲಗಿದ. ತ್ರಿಶಲಾ ಪೆಡಲ್ ಮೇಲೆ ಕಾಲಿಟ್ಟಳು.

"ಒತ್ತು! ಹಿಡಿ! ಬಿಡು! ಬಿಡಬ್ಯಾಡ!"

"ಎಮ್ಮಿಗಿ ಹೇಳಿದಂಗ ಹೇಳಬ್ಯಾಡ್ರಿ. ನಾ ಎದ್ದ ಹೋಗ್ತೀನಿ."

ಜಗಳದ ವಾಸನೆ ಹತ್ತಿತೋ ಏನೋ, ಎದುರು ಮನೆಯ ಗುರಪ್ಪ ಬಂದೇ ಬಿಟ್ಟ. ಮೂವತ್ತೊಂದು ವರ್ಷ ಸರಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತನಾದವ. ಸೀಟಿ ಮಾತ್ರ ಇನ್ನೂ ಕೊರಳಲ್ಲೇ ಇತ್ತು.

"ಗಂಡಾ ಹೆಂಡತಿ ಮಾತಾಡಿದ್ರ ಕೆಲಸ ಕೆಡತೈತಿ. ಸನ್ಮತಿ, ನೀ ಸಣ್ಣಗ ನನಗ ಹೇಳು. ಒಂದ ಸೀಟಿ ಊದಿದ್ರ ಒತ್ತಬೇಕು. ಎರಡ ಊದಿದ್ರ ಬಿಡಬೇಕು. ತಿಳೀತಿಲ್ಲೋ ತಂಗಿ?"

ಹೊಸ ಪದ್ಧತಿ ಭರ್ಜರಿ ನಡೆಯಿತು. ಮಧ್ಯಾಹ್ನದ ಹೊತ್ತಿಗೆ ಮೂರು ಗಾಲಿ ಮುಗಿದವು. ಸಂಜೆ ಮಾವನ ಮನೆಯಲ್ಲಿ ಹೋಳಿಗೆ ಇರುವಾಗ ಅಡುಗೆ ಯಾಕೆಂದು ಒಲೆ ಹಚ್ಚಲಿಲ್ಲ. ಇಬ್ಬರೂ ಒಂದೊಂದು ಮುಷ್ಟಿ ಹಚ್ಚಿದ ಅವಲಕ್ಕಿ ತಿಂದರು. ಪಕ್ಕದ ಮನೆಯ ಸಕ್ಕುಬಾಯಿ ಕಟ್ಟೆಯ ಮೇಲೆ ಕೂತು, "ಹಿಂದಿನ ಕೆಂಪ ಲೈಟ್ ಭಾಳ ಚಂದ ಹತ್ತೇತಿ ಬಿಡ್ರಿ, ಮುಂಜಾನಿಂದ ನೋಡಾಕತ್ತೀನಿ" ಎಂದು ಮೆಚ್ಚಿದಳು. ಆಕೆಯ ಮಾತಿಗೆ ಯಾರೂ ಕಿವಿಗೊಡಲಿಲ್ಲ.

ನಾಲ್ಕನೆಯ ಗಾಲಿಯ ನಟ್ ಸಡಿಲಾಗಿತ್ತು. ತ್ರಿಶಲಾಳ ಕಾಲು ಪೆಡಲ್ ಮೇಲಿತ್ತು. ಅಷ್ಟರಲ್ಲಿ ಓಣಿಯ ಮೂಲೆಯಲ್ಲಿ ನಿಪ್ಪಾಣಿ ಬಸ್ಸು ಬಂದು ನಿಂತಿತು. ಜನ ಹತ್ತಿದರು. ಮೂವತ್ತೊಂದು ವರ್ಷದ ಚಟ ಸುಮ್ಮನಿರುತ್ತದೆಯೇ? ಗುರಪ್ಪನ ಕೈ ತಾನಾಗಿ ಸೀಟಿಗೆ ಹೋಯಿತು. ಪೀ ಪೀ! ಅಲ್ಲಿ ಬಸ್ಸು ಹೊರಟಿತು, ಇಲ್ಲಿ ತ್ರಿಶಲಾಳ ಕಾಲು ಎದ್ದಿತು. ಬಸ್ಸಿನ ಅಸಲಿ ಕಂಡಕ್ಟರ್ ಚಹಾದಂಗಡಿಯಿಂದ ಬೊಬ್ಬೆ ಹೊಡೆಯುತ್ತ ಅದರ ಹಿಂದೆ ಓಡಿದ.

"ಗುರಪ್ಪ ಕಾಕಾ! ಗಾಳಿ ಒಳಗ ಹೋತು!"

"ಹೋಗಲಿ ಬಿಡೋ, ಬಸ್ಸರೆ ಟೈಮಿಗಿ ಹೋತಲ್ಲ."

ಮತ್ತೆ ಒತ್ತು, ಬಿಡು. ಈ ಗಡಿಬಿಡಿಯಲ್ಲಿ ಬಾನೆಟ್ ಒಳಗಿನ ಡಬ್ಬಿಗೆ ಬ್ರೇಕ್ ಎಣ್ಣೆ ಸುರಿಯುವುದೇ ಮರೆತುಹೋಗಿ, ಅದು ಬರಿದಾಗಿ, ಎಲ್ಲ ಪೈಪಿಗೂ ಹೊಸದಾಗಿ ಗಾಳಿ ಹೊಕ್ಕಿತು. ಸಕ್ಕುಬಾಯಿ ಕನಿಕರದಿಂದ ಒಂದು ತಂಬಿಗೆ ಶೇಂಗಾ ಎಣ್ಣೆ ತಂದಳು. "ಗಾಣದ್ದೈತ್ರಿ, ಕಲಬೆರಕಿ ಇಲ್ಲ" ಎಂದು ಸುರಿಯಲು ಬಗ್ಗಿದವಳ ಕೈಯನ್ನು ಸನ್ಮತಿ ಹಾರಿ ಹಿಡಿದ. ತಂಬಿಗೆ ಅವನ ತಲೆಯ ಮೇಲೇ ಬರಿದಾಯಿತು.

ಹೊಸ ಡಬ್ಬಿ ಎಣ್ಣೆ ತಂದು, ನಾಲ್ಕೂ ಗಾಲಿ ಮತ್ತೆ ಮುಗಿಸುವಾಗ ಐದೂವರೆ. ಸನ್ಮತಿ ಪೆಡಲ್ ತುಳಿದ. ಕಲ್ಲಿನಂತೆ ಗಟ್ಟಿ! ಅವನ ಕಣ್ಣಲ್ಲಿ ನೀರೇ ಬಂತು. ತಲೆಗೆ ಸೀಗೆಪುಡಿ ತಿಕ್ಕಿ ಮೂರು ತಂಬಿಗೆ ನೀರು ಸುರಿದುಕೊಂಡು, ಅಂಗಿ ಬದಲಿಸಿ ಬಂದ. ದಿನವಿಡೀ ಪೆಡಲ್ ಒತ್ತಿ ಕಾಲು ನೊಂದಿದ್ದ ತ್ರಿಶಲಾ ಹೊಸ ಸೀರೆ ಉಟ್ಟು ಕುಂಟುತ್ತ ಬಂದಳು. ಹೊತ್ತು ಮುಳುಗಲು ಇನ್ನೂ ಮುಕ್ಕಾಲು ತಾಸು. ಜೋರಾಗಿ ಬಿಟ್ಟರೆ ನಿಪ್ಪಾಣಿ ಮುಟ್ಟಬಹುದು.

ಕೀಲಿ ತಿರುವಿದ. ಟಕ್. ಮತ್ತೆ ತಿರುವಿದ. ಟಕ್ ಕೂಡ ಇಲ್ಲ.

"ಈಗ ಕೆಂಪ ಲೈಟ್ ಹತ್ತವಲ್ದಲ್ರಿ," ಎಂದಳು ಸಕ್ಕುಬಾಯಿ.

ಬ್ರೇಕ್ ಒತ್ತಿದಾಗೆಲ್ಲ ಹಿಂದಿನ ದೀಪ ಉರಿಯುತ್ತದೆ. ಇಡೀ ದಿನ ಉರಿದು ಉರಿದು ಮುದಿ ಬ್ಯಾಟರಿಯನ್ನು ನುಂಗಿ ನೀರು ಕುಡಿದಿತ್ತು.

"ನೂಕ್ರಿ!" ಎಂದು ಕೂಗಿದ ಸನ್ಮತಿ. ಗುರಪ್ಪ ಎರಡು ಸೀಟಿ ಊದಿದ. ಓಣಿಯ ಜನ ಕಾರನ್ನು ಇಳಿಜಾರಿಗೆ ನೂಕಿದರು. ಕಾರು ಕೆಮ್ಮಿತೇ ಹೊರತು ಚಾಲೂ ಆಗಲಿಲ್ಲ. ತಿರುಗಿ ಮೇಲೆ ತಂದು ಮತ್ತೆ ನೂಕಿದರು. ಮೂರನೆಯ ಸಲ ಕಾರು ಜೋರಾಗಿ ಇಳಿಯುತ್ತಿದ್ದಾಗ ಎದುರಿಗೆ ಆಟೋ ಬಂತು. ಸನ್ಮತಿ ಜೀವ ಕೈಯಲ್ಲಿ ಹಿಡಿದು ಬ್ರೇಕ್ ತುಳಿದ. ಆಟೋಗೆ ನಾಲ್ಕು ಬೆರಳು ಉಳಿದಿರುವಾಗ ಕಾರು ಗಕ್ಕನೆ ನಿಂತಿತು. ಜನ ಚಪ್ಪಾಳೆ ತಟ್ಟಿದರು.

ಆಟೋದಿಂದ ಇಳಿದವರು ಮಾವ.

"ಫೋನ್ ಹಚ್ಚಿ ಸಾಕಾತು, ಇಬ್ಬರೂ ಎತ್ತವಲ್ರಿ. ನಿಮ್ಮ ಗಾಡಿ ನಂಬಿ ಮತ್ತ ಉಪಾಸ ಬೀಳೂದ ಬ್ಯಾಡಂತ ನಾನೇ ಬಂದ್ನಿ, ಅಳಿಯಾರ. ಹೊತ್ತ ಮುಳಗಾಕ ಇನ್ನ ಹತ್ತ ನಿಮಿಷ ಐತಿ. ತ್ರಿಶಲಾ, ಲಗೂ ತಾಟ ಹಾಕವಾ!"

ತ್ರಿಶಲಾ ಗಂಡನ ಮುಖ ನೋಡಿದಳು. ಗಂಡ ನೆಲ ನೋಡಿದ. ಆಕೆ ಹೊಸ ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿ, ಕುಂಟುತ್ತಲೇ ಒಳಗೆ ಓಡಿ, ತಣ್ಣಗಿದ್ದ ಒಲೆ ಹಚ್ಚಿ ರವೆ ಹುರಿಯತೊಡಗಿದಳು. ಹಬೆಯಾಡುವ ಉಪ್ಪಿಟ್ಟು ಮಾವನ ಮುಂದೆ ಬಂದು ಕೂತಾಗ ಕಿಟಕಿಯಲ್ಲಿ ಸೂರ್ಯನಿರಲಿಲ್ಲ. ಮಾವ ಕೈ ಮುಗಿದು ತಾಟು ಸರಿಸಿದರು. ಅದನ್ನು ಹಿಂದೆಯೇ ಬಂದು ಕೂತಿದ್ದ ಗುರಪ್ಪ ತನ್ನತ್ತ ಸರಿಸಿಕೊಂಡ.

ಸನ್ಮತಿ ಕಂಬಕ್ಕೊರಗಿ ನಿಂತ. ಮಾವ ಕಟ್ಟೆಗೆ ಬಂದು ಕೂತು ಫೋನು ತೆಗೆದರು.

"ಹಾಂ, ಕಾಗವಾಡ ವೃಷಭ ಏನ? ನಾನಪಾ. ದೀಪಾವಳಿಗಿ ನನ್ನ ಮನ್ಯಾಗ ಉಪಾಸ ಕೆಡವಿದ್ದಾ, ಇವತ್ತ ತನ್ನ ಮನ್ಯಾಗ ಕೆಡವ್ಯಾನ. ಏನಂದಿ, ಕಾರಾ? ಬ್ರೇಕ್ ಮಾತ್ರ ಭಾರಿ ಹಿಡದಾವ ನೋಡು. ಜಾಗಾ ಬಿಟ್ಟ ಅಳ್ಳಾಡವಲ್ದು!"