ಇಂಗ್ಲೆಂಡಿನ ಪತ್ತೇದಾರ, ಅಮೆರಿಕದ ಪತ್ತೇದಾರ

ಗುಮಾಸ್ತ ಷಡಕ್ಷರಪ್ಪನಿಗೆ ಬೇಕಾಗಿದ್ದದ್ದು ನಾಲ್ಕೇ ದಿನದ ರಜೆ. ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ದಾವಣಗೆರೆಯಲ್ಲಿ ನಾದಿನಿಯ ಮದುವೆ. "ಈ ಸಲ ಬರ್ದೆ ಇದ್ರೆ ಆಮೇಲೆ ನೀವು ಆಫೀಸಲ್ಲೇ ಮಲಗಿ" ಎಂದು ಹೆಂಡತಿ ಮಹಾಂತಮ್ಮ ಹೇಳಿಯಾಗಿತ್ತು.

ಅರ್ಜಿಗೆ ರುಜು ಹಾಕಬೇಕಾದವರು ಶಿವಮೊಗ್ಗದವರೇ ಆದ ಹೆಡ್ ಕ್ಲಾರ್ಕ್ ಓಂಕಾರಪ್ಪ. ರಜೆಯಲ್ಲಿ ಷಡಕ್ಷರಪ್ಪನ ಕೆಲಸ ವಹಿಸಿಕೊಳ್ಳಬೇಕಾದವನು ಭದ್ರಾವತಿಯಿಂದ ದಿನಾ ರೈಲಿನಲ್ಲಿ ಬರುವ ಮೂರ್ತಪ್ಪ. ಇಬ್ಬರಿಗೂ ಹದಿನೈದು ದಿನದಿಂದ ಮಾತಿಲ್ಲ. ಕಾರಣ, ಒಬ್ಬ ಪತ್ತೇದಾರ. ಅವನ ಕತೆಯನ್ನು ಇಂಗ್ಲೆಂಡಿನವರು ತೆಗೆದ ಸಿನಿಮಾ ಪ್ರತಿ ಭಾನುವಾರ ಬೆಳಿಗ್ಗೆ ಶಿವಮೊಗ್ಗದಲ್ಲಿ. ಅಮೆರಿಕದವರು ತೆಗೆದದ್ದು ಮಧ್ಯಾಹ್ನ ಭದ್ರಾವತಿಯಲ್ಲಿ. ಹಾಗೆಂದು ಬೋರ್ಡುಗಳೇ ಹೇಳುತ್ತಿದ್ದವು. ಇನ್ನೊಂದೂರಿನ ಸಿನಿಮಾ ನೋಡುವುದು ಇಬ್ಬರಿಗೂ ಮರ್ಯಾದೆಗೆ ಕಡಿಮೆ.

"ನಮ್ಮೋನು ಟೀ ಕುಡೀತಾ ಕೂತು ಯೋಚ್ನೆ ಮಾಡಿ ಕಳ್ಳನ್ನ ಹಿಡೀತಾನೆ" ಎಂದು ಓಂಕಾರಪ್ಪ ಗೋಡೆಗೆ ಹೇಳುತ್ತಿದ್ದರು.

"ಆ ಟೀ ಆರೋದ್ರೊಳಗೆ ನಮ್ಮ ಅಮೆರಿಕದೋನು ಕಳ್ಳನ್ನ ಜೈಲಿಗೆ ಹಾಕಿರ್ತಾನೆ" ಎಂದು ಮೂರ್ತಪ್ಪ ಕಿಟಕಿಗೆ ಹೇಳುತ್ತಿದ್ದ.

ರಜೆ ಕೇಳಲು ಹೋದ ಷಡಕ್ಷರಪ್ಪ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದ.

"ಎರಡೂ ನೋಡ್ಕೊಂಡು ಬಂದು ಯಾವ್ದು ಮೇಲು ಹೇಳು. ಆಮೇಲೆ ರಜೆ" ಎಂದರು ಓಂಕಾರಪ್ಪ.

"ನ್ಯಾಯವಾಗಿ ಹೇಳು ಮಾರಾಯ. ನಿನ್ನ ಕೆಲಸ ಮಾಡೋನು ನಾನು" ಎಂದ ಮೂರ್ತಪ್ಪ.

ಭಾನುವಾರ ಬೆಳಿಗ್ಗೆ ಷಡಕ್ಷರಪ್ಪ ಇಂಗ್ಲೆಂಡನ್ನು ನೋಡಿದ. ಪತ್ತೇದಾರ ಏಳು ಸಲ ಟೀ ಕುಡಿದ. ಕಳ್ಳನ ಕೆನ್ನೆಯ ಮೇಲೆ ಪರದೆಯಲ್ಲಿ ಕೂದಲಿನಂಥ ಗೀರೊಂದು ಕುಣಿಯುತ್ತಿತ್ತು. ಅಲ್ಲಿಂದ ಓಡಿ ಭದ್ರಾವತಿ ರೈಲು ಹತ್ತಿದ. ಕಾಲಿಡಲು ಜಾಗವಿರಲಿಲ್ಲ. ಚೌಡಯ್ಯ ಎಂಬ ಪುಣ್ಯಾತ್ಮ ತನ್ನ ತಗಡಿನ ಪೆಟ್ಟಿಗೆಯ ಮೇಲೆ ಕೂರಿಸಿಕೊಂಡ.

ಭದ್ರಾವತಿಯಲ್ಲಿ ಅಮೆರಿಕ ಶುರುವಾಯಿತು. ಅದೇ ಪತ್ತೇದಾರ, ಅದೇ ಕಳ್ಳ, ಕೆನ್ನೆಯ ಮೇಲೆ ಅದೇ ಗೀರು! ಟೀ ಮಾತ್ರ ಒಂದು ತೊಟ್ಟೂ ಇಲ್ಲ. ಷಡಕ್ಷರಪ್ಪ ಎದ್ದು ಹೊರಗೆ ಬಂದರೆ ಬಾಗಿಲಲ್ಲಿ ಚೌಡಯ್ಯ, ಖಾಲಿ ಪೆಟ್ಟಿಗೆಯೊಂದಿಗೆ.

"ಎರಡೂರಿಗೂ ಒಂದೇ ರೀಲಿನ ಪೆಟ್ಟಿಗೆ ಸ್ವಾಮಿ. ನೀವು ಅದ್ರ ಮೇಲೇ ಕೂತಿದ್ರಲ್ಲ! ಇಲ್ಲಿ ಎರಡು ಗಂಟೆಗೆ ಫ್ಯಾಕ್ಟರಿ ಸೈರನ್ ಆಗುತ್ತೆ, ಶಿಫ್ಟಿನೋರು ಎದ್ದು ಹೋಗ್ತಾರೆ. ಅದಕ್ಕೇ ಟೀ ಕುಡಿಯೋ ರೀಲೆಲ್ಲ ಬಿಟ್ಟುಬಿಡ್ತೀವಿ."

"ಮತ್ತೆ ಅಮೆರಿಕ?"

"ಬೋರ್ಡ್ ಬರೆಯೋನು ಹಾಕ್ದ. ಜನ ಜಾಸ್ತಿ ಬಂದ್ರು. ಹಾಗೇ ಬಿಟ್ವಿ."

ಷಡಕ್ಷರಪ್ಪನಿಗೆ ಬರುವ ಭಾನುವಾರದ ಮದುವೆಯ ಹೋಳಿಗೆ ಕಣ್ಣೆದುರಿಗೇ ಬಂತು. ಇಬ್ಬರೂ ಗೆದ್ದ ಹಾಗಾಯಿತು, ಇನ್ನು ಜಗಳವೆಲ್ಲಿ?

ಸೋಮವಾರ ಉತ್ಸಾಹದಿಂದ ಎಲ್ಲವನ್ನೂ ಹೇಳಿದ. ಓಂಕಾರಪ್ಪ ಕನ್ನಡಕ ತೆಗೆದರು. ಹದಿನೈದು ದಿನದ ಮೇಲೆ ಮೊದಲ ಸಲ ಮೂರ್ತಪ್ಪನ ಮುಖ ನೋಡಿದರು.

"ಇವನು ನಿದ್ದೆ ಹೊಡೆದಿದಾನೆ ಕಣಯ್ಯ."

"ಎರಡೂ ಕಡೆ ಸಾರ್" ಎಂದ ಮೂರ್ತಪ್ಪ. "ಇಂಗ್ಲೆಂಡಿಗೂ ಅಮೆರಿಕಕ್ಕೂ ವ್ಯತ್ಯಾಸ ಗೊತ್ತಾಗ್ದೆ ಇರೋಕೆ ನಾವೇನು ದಡ್ಡರಾ?"

"ಬಾರಯ್ಯ, ಕಾಫಿ ಕುಡಿಯೋಣ" ಎಂದು ಓಂಕಾರಪ್ಪ ಎದ್ದರು. ಬಾಗಿಲ ತನಕ ಹೋದವರು ತಿರುಗಿ, "ಷಡಕ್ಷರಪ್ಪ, ಬರೋ ಭಾನುವಾರ ಕಣ್ಣು ಬಿಟ್ಕೊಂಡು ಎರಡನ್ನೂ ಇನ್ನೊಂದ್ಸಲ ನೋಡು. ಸೋಮವಾರ ರಜೆಗೆ ರುಜು ಹಾಕ್ತೀನಿ" ಎಂದರು.

ಮೂರ್ತಪ್ಪ ಅವನ ಬೆನ್ನು ತಟ್ಟಿದ.

"ಒಬ್ನೇ ಹೋಗ್ಬೇಡ ಮಾರಾಯ, ಮನೆಯೋರನ್ನೂ ಕರ್ಕೊಂಡು ಹೋಗು."